ತೊಂಬತ್ತೇಳು ಕಿಲೋ

ಹಳೆ ಮಾರುಕಟ್ಟೆಯ ಹಿಂದಿನ ಬೀದಿಯ ಮೂರನೇ ಮಳಿಗೆಯಲ್ಲಿ ತಕ್ಕಡಿ ರಿಪೇರಿ ಮಾಡಿಕೊಂಡು, ಅದರ ಮೇಲಿನ ಮಹಡಿಯಲ್ಲೇ ವಾಸವಿರುವ, ಎಲ್ಲರೂ ತಕ್ಕಡಿ ಮೇಷ್ಟ್ರು ಎಂದು ಕರೆಯುವ, 49 ವರ್ಷ ವಯಸ್ಸಿನ ನಾನು, ಠಾಣೆಯ ಬರಹಗಾರರ ಮುಂದೆ ಕೂತು ಬರೆಸುವುದೇನೆಂದರೆ:

ಗಾಯಾಳು ನನ್ನ ಹೆಂಡತಿಯ ತಮ್ಮ. ವಯಸ್ಸು 34, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವನನ್ನು ನಾನು ಕ್ವಿಂಟಲ್ ಎಂದು ಕರೆಯುತ್ತೇನೆ. ನಮ್ಮ ಮದುವೆಯ ದಿನ ಅವನು ಕೂತ ಪ್ಲಾಸ್ಟಿಕ್ ಕುರ್ಚಿ ಮುರಿದಾಗ ನಾನೇ ಇಟ್ಟ ಹೆಸರು ಅದು. ಇಪ್ಪತ್ತು ವರ್ಷದಿಂದ ಅದಕ್ಕೇ ಓಗೊಡುತ್ತಿದ್ದಾನೆ.

ನಾನು, ನನ್ನ ಹೆಂಡತಿ, ಅವನು ಮೂವರೂ ಈ ಊರಿಗೆ ಬಂದ ಪ್ರವಾಸದ ಎರಡನೇ ದಿನ, ಅಂದರೆ 12ನೇ ತಾರೀಖು ಭಾನುವಾರ, ಬೆಳಗ್ಗೆ 8 ಗಂಟೆಗೆ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ, ತಾನು ಸೇತುವೆಯಿಂದ ಬಂಜಿ ಜಂಪ್ ಮಾಡುವುದಾಗಿ ಅವನು ಹೇಳಿದನು. ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ತಲೆಕೆಳಗಾಗಿ ಹಾರುವುದಕ್ಕೆ ಹಾಗೆನ್ನುತ್ತಾರೆ. ಕೈಕಾಲು ನೆಟ್ಟಗಿರುವವರು, ಅವು ನೆಟ್ಟಗಿರುವುದನ್ನು ಸಹಿಸಲಾರದೆ ಮಾಡುವ ಕೆಲಸ ಅದು ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯ ಬೇಡ, ನಡೆದದ್ದು ಹೇಳಿ ಎಂದು ಬರಹಗಾರರು ಹೇಳಿದ್ದರಿಂದ ಮುಂದಕ್ಕೆ ಹೋಗುತ್ತೇನೆ.

ಅದು ಅಪಾಯ ಅಲ್ವೇನೋ ಎಂದು ನನ್ನ ಹೆಂಡತಿ ಕೇಳಿದಳು. ರಸ್ತೆ ದಾಟೋದೂ ಅಪಾಯಾನೇ ಅಕ್ಕಾ, ಇಲ್ಲಿ ಆದ್ರೆ ಬೆಲ್ಟು, ಹೆಲ್ಮೆಟ್ಟು, ಕೆಳಗೆ ದೋಣಿ ಎಲ್ಲಾ ಇರುತ್ತೆ ಎಂದು ಅವನು ಅಂದನು. ಬೀಳುವ ಆ ಮೂರು ಸೆಕೆಂಡು ಮೈಯಲ್ಲಿ ತೂಕವೇ ಇಲ್ಲದ ಹಾಗಿರುತ್ತಂತೆ, ಜನ್ಮದಲ್ಲಿ ಒಂದು ಸಲ ಅದನ್ನು ನೋಡ್ಬೇಕು ಎಂದೂ ಅಂದನು. ಮೊದಲು ಆ ಎರಡನೇ ತಟ್ಟೆ ಬಿಡು, ತೂಕ ತಾನಾಗೇ ಇಳಿಯುತ್ತೆ ಎಂದು ನಾನು ಹೇಳಿದೆನು. ಅವನು ತಟ್ಟೆಯನ್ನು ಪಕ್ಕಕ್ಕಿಟ್ಟನು.

9.40ಕ್ಕೆ ಸೇತುವೆಯ ಬಳಿ ತಲುಪಿದೆವು. ಹಾರುವ ಕಟ್ಟೆ ನೀರಿನಿಂದ 50 ಮೀಟರ್ ಎತ್ತರದಲ್ಲಿದೆ. ಕಂಪನಿಯವರು ಕೆಳಗಿನ ಮೇಜಿನ ಹತ್ತಿರ ತೂಕ ನೋಡಿ, ಎಡಗೈಯ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದು ಕಳಿಸುತ್ತಾರೆ. 126 ಮೆಟ್ಟಿಲು ಹತ್ತಿದ ಮೇಲೆ, ಅಲ್ಲಿರುವವನು ಕೈ ನೋಡಿ ಹಗ್ಗ ಕಟ್ಟುತ್ತಾನೆ. 80 ಕಿಲೋ ತನಕ ನೀಲಿ, ಅದಕ್ಕೂ ಹೆಚ್ಚಿದ್ದರೆ ಕೆಂಪು ಎಂದು ಬೋರ್ಡು ಇದೆ. ಅದು ಸಾಲದೆಂಬಂತೆ, ಹಾರುವವರ ತೂಕವನ್ನು ಮೈಕಿನಲ್ಲಿ ಕೂಗುತ್ತಾರೆ. ಕೆಳಗೆ ನಿಂತ ದಂಡಪಿಂಡಗಳು ಚಪ್ಪಾಳೆ ಹೊಡೆಯುತ್ತವೆ.

ತಕ್ಕಡಿಯನ್ನು ಮೆತ್ತನೆಯ ಚಾಪೆಯ ಮೇಲೆ ಇಟ್ಟಿದ್ದರು. ಟೊಮೆಟೊ ಮಾರುವವನೂ ಹೀಗಿಡೋದಿಲ್ಲ ಕಣಯ್ಯಾ ಎಂದು ಮೇಜಿನವನಿಗೆ ಗದರಿ, ಚಾಪೆ ಎಳೆದು ಬಿಸಾಕಿ, ತಕ್ಕಡಿಯನ್ನು ಸಿಮೆಂಟಿನ ಮೇಲೆ ನಾನೇ ಸರಿಯಾಗಿ ಕೂರಿಸಿದೆನು. 10.20ಕ್ಕೆ ಭಾವಮೈದುನ ಹತ್ತಿದನು. 97 ತೋರಿಸಿತು. ಅದು ಸರಿಯಾದ ತೂಕ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಇನ್ನು ಮೂರು ಕಿಲೋ ಹಾಕ್ರಪ್ಪಾ, ಕ್ವಿಂಟಲ್ ಭರ್ತಿಯಾಗ್ಲಿ ಎಂದು ನಾನು ಗಟ್ಟಿಯಾಗಿ ಹೇಳಿದೆನು. ಸಾಲಿನಲ್ಲಿದ್ದ ಸುಮಾರು ಇಪ್ಪತ್ತು ಜನ ನಕ್ಕರು. ಅವನೂ ನಕ್ಕನು.

10.25ಕ್ಕೆ ಶೌಚಾಲಯಕ್ಕೆ ಹೋಗಿ ಬರುತ್ತೇನೆಂದು ಹೋದವನು ಎಂಟು ನಿಮಿಷದ ಮೇಲೆ ಬಂದನು. ಎಡಗೈ ಜೇಬಿನಲ್ಲಿತ್ತು. ಸೋಪು ಹಾಕಿ ಕೈ ಉಜ್ಜಿಕೊಂಡು ಬಂದು ತನ್ನ ಹತ್ತಿರ ಮಾರ್ಕರ್ ಇಸಿದುಕೊಂಡನೆಂದು ಫೋಟೋ ಕೌಂಟರಿನ ಹೆಂಗಸು ಆಮೇಲೆ ಹೇಳಿದಳು. 10.45ಕ್ಕೆ ಮೆಟ್ಟಿಲು ಹತ್ತಿದನು.

10.52ಕ್ಕೆ ಮೈಕಿನಲ್ಲಿ ಎಪ್ಪತ್ತೇಳು ಕಿಲೋ ಎಂದು ಕೂಗಿದರು. ಜನ ಚಪ್ಪಾಳೆ ಹೊಡೆದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆನು. ಏಳನೇ ಕ್ಲಾಸಲ್ಲಿದ್ದಾಗಿನ ತೂಕ ಹೇಳಿದಾನೆ ನೋಡೇ ನಿನ್ನ ತಮ್ಮ ಎಂದು ಹೆಂಡತಿಗೆ ಹೇಳಿದೆನು. ಅವಳು ಮೇಲೆ ನೋಡಿ, ರೀ, ಕಟ್ತಿರೋದು ನೀಲಿ ಹಗ್ಗ ಅಲ್ವಾ ಎಂದು ಕೇಳಿದಳು. ನೀಲಿ ನನಗೂ ಕಂಡಿತ್ತು. ಮೇಲೆ ಇನ್ನೊಂದು ತಕ್ಕಡಿ ಇದ್ದೇ ಇರುತ್ತೆ, ಈಗ ಎಲ್ಲರೆದುರು ಸಿಕ್ಕಿಬೀಳ್ತಾನೆ, ಇರು ತಮಾಷೆ ನೋಡೋಣ ಎಂದು ಹೇಳಿದೆನು. ನಾವು ನಿಂತ ಜಾಗದಿಂದ ಮೈಕಿನವನಿಗೆ ಹದಿನೈದು ಹೆಜ್ಜೆ.

ಮೇಲೆ ತಕ್ಕಡಿ ಇರಲಿಲ್ಲ. 10.54ಕ್ಕೆ ಅವನು ಹಾರಿದನು. ಹಗ್ಗ ಎಳೆದು ನಿಲ್ಲಿಸಬೇಕಾದ ಎತ್ತರದಲ್ಲಿ ನಿಲ್ಲಿಸಲಿಲ್ಲ. ತಲೆ, ಹೆಗಲು ನೀರಿಗೆ ಬಡಿದ ಸದ್ದು ನಮಗೆ ಕೇಳಿಸಿತು. ಒಬ್ಬಿಬ್ಬರು ಆಗಲೂ ಚಪ್ಪಾಳೆ ಹೊಡೆದರು. ದೋಣಿಯವನು ಅವನನ್ನು ಬಿಚ್ಚಿ ದಡಕ್ಕೆ ತರುವಾಗ 11.03. ಆಂಬ್ಯುಲೆನ್ಸಿನಲ್ಲಿ ಹೆಂಡತಿ ನನ್ನ ಪಕ್ಕ ಕೂರಲಿಲ್ಲ.

ಬೆನ್ನಿನ ಎರಡು ಮೂಳೆ ಮುರಿದಿವೆ, ಎಡಗಾಲಿಗೆ ಸ್ಪರ್ಶ ಬಂದಿಲ್ಲ, ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ತಿಳಿಸಿರುತ್ತಾರೆ. ನಿನ್ನೆ ಸಂಜೆ 4 ಗಂಟೆಗೆ ನನ್ನನ್ನು ಒಳಗೆ ಬಿಟ್ಟರು. ಕುತ್ತಿಗೆಗೆ ಪಟ್ಟಿ ಹಾಕಿದ್ದರಿಂದ ಅವನು ಚಾವಣಿ ನೋಡುತ್ತಲೇ ಮಾತಾಡಿದನು. ಭಾವ, ಮೈಕಲ್ಲಿ ಎಷ್ಟಂತ ಹೇಳಿದ್ರು ಎಂದು ಕೇಳಿದನು. ಎಪ್ಪತ್ತೇಳು ಎಂದೆನು. ಎಲ್ಲರಿಗೂ ಕೇಳಿಸ್ತಾ ಎಂದು ಕೇಳಿದನು. ಕೇಳಿಸ್ತು ಎಂದೆನು. ಅವನು ಕಣ್ಣು ಮುಚ್ಚಿಕೊಂಡನು.

ಮೇಲೆ ಮತ್ತೊಮ್ಮೆ ತೂಕ ನೋಡದೆ ಹಗ್ಗ ಕಟ್ಟಿದ, ಜನರ ತೂಕ ಕೂಗಿ ಮೋಜು ಮಾಡುವ ಆ ಅಯೋಗ್ಯರ ಮೇಲೆ ಕ್ರಮ ಕೈಗೊಳ್ಳಬೇಕು. ನೀಲಿ ಹಗ್ಗ ನೋಡಿಯೂ ನಾನು ಸುಮ್ಮನಿದ್ದ ವಿಷಯ ಬೇಡ, ಕೇಸು ಸಡಿಲವಾಗುತ್ತದೆ ಎಂದು ಬರಹಗಾರರು ಎರಡು ಸಲ ಹೇಳಿದರು. ಬರೀರಿ ಎಂದು ನಾನು ಮೂರು ಸಲ ಹೇಳಿ ಬರೆಸಿದ್ದೇನೆ.

ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸ್ಥಳ: ಸೇತುವೆ ರಸ್ತೆ ಠಾಣೆ
ದಿನಾಂಕ: 14, ಮಂಗಳವಾರ, ಬೆಳಗ್ಗೆ 11.10
(ಸಹಿ)
ಗಾಯಾಳುವಿನ ಭಾವ