ಬಾಲಗನ್‌ನಿಂದ ಬಂದ ದೂರು

ಇಲ್ಲಿ ಸೇರಿರುವ ಹಿರಿಯರೇ, ಗೆಳೆಯರೇ, ಮುಂದಿನ ಸಾಲಿನಲ್ಲಿರುವ ಹೆರ್ಮಿನಿಯಾ ಅವರ ಮಗಳು ಮರಿಲೂ — ಎಲ್ಲರಿಗೂ ನಮಸ್ಕಾರ. ಬಾಲಗನ್ ಹಳ್ಳಿಯಿಂದ ನದಿ ದಾಟಿ ಬಂದಿರುವ ಪುರಿತಾ ಅವರಿಗೆ ಇನ್ನೊಂದು ನಮಸ್ಕಾರ.

ಹೆರ್ಮಿನಿಯಾ ತಾಗಿನೋದ್ — ನಮ್ಮೆಲ್ಲರ ಬಾಯಲ್ಲಿ ಮನಾಂಗ್, ಅಕ್ಕ — ನಮ್ಮನ್ನು ಅಗಲಿದ್ದಾರೆ. ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಉಳಿದ ಹೊತ್ತೆಲ್ಲ ನಮ್ಮ ತಂತ್ರಾಂಶಕ್ಕೆ. ಕಗಾಯಾನ್ ನದಿಯ ನೀರಿನ ಮಟ್ಟ ಅಳೆದು, ದಡದ ಹಳ್ಳಿಗಳ ಫೋನಿಗೆ ಎಚ್ಚರಿಕೆ ಕಳಿಸುವ ತಂತ್ರಾಂಶ. ಇದರಲ್ಲಿ ಯಾರಿಗೂ ಸಂಬಳವಿಲ್ಲ. ಯಾರು ಬೇಕಾದರೂ ದೂರು ಬರೆಯಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಅವೆಲ್ಲ ಬಂದು ಬೀಳುತ್ತಿದ್ದದ್ದು ಮನಾಂಗ್ ಮುಂದೆ.

ಬಿಗಿ ಮನುಷ್ಯೆ. ನಾನು ಕಳಿಸಿದ ಮೊದಲ ತಿದ್ದುಪಡಿಯನ್ನು ಹಾಗೇ ಹಿಂದಕ್ಕೆ ಅಟ್ಟಿದರು. "ಆರ್ಸೆನ್ಯೊ, ನೀನು ಬರೆದ ಕೋಡ್ ಓಡುತ್ತೆ ಕಣೋ. ಯಾಕೆ ಓಡುತ್ತೆ ಅಂತ ನಿಂಗೇ ಗೊತ್ತಿಲ್ಲ."

ಒಂದು ಮಳೆಗಾಲ ಬಾಲಗನ್‌ನಿಂದ ಒಂದು ದೂರು ಬಂತು. ಬರೆದವರು ಫೆಲಿಸಿಯಾನೊ — ಪುರಿತಾ ಅವರ ಪತಿ, ದೋಣಿ ನಡೆಸುವವರು. ಒಂದೇ ವಾಕ್ಯ. "ನೀರು ಮೆಟ್ಟಿಲು ಹತ್ತಿದ ಮೇಲೆ ನಿಮ್ಮ ಮೆಸೇಜು ಬರ್ತದೆ." ನಮ್ಮ ಕಡೆ ಅಳತೆಗಳೆಲ್ಲ ಸರಿಯಾಗಿದ್ದವು. ದೂರು ಬರೆದ ಎಲ್ಲರನ್ನೂ ಕೇಳುವ ಹಾಗೆ ಮನಾಂಗ್ ಫೆಲಿಸಿಯಾನೊಗೂ ಬರೆದು ಕೇಳಿದರು — ನಿಮ್ಮೂರಿನ ಎಚ್ಚರಿಕೆ ಕಳಿಸುವ ಯಂತ್ರದಲ್ಲಿರುವುದು ನಮ್ಮ ತಂತ್ರಾಂಶದ ಯಾವ ವರ್ಷನ್? ಉತ್ತರ ಬರಲಿಲ್ಲ. ಕಾದರು. ಆಮೇಲೆ "ಮಾಹಿತಿ ಸಾಲದು" ಎಂದು ಬರೆದು ದೂರನ್ನು ಮುಚ್ಚಿದರು. ನಾವೆಲ್ಲ ಮಾಡುವುದು ಅದನ್ನೇ.

ಅಕ್ಟೋಬರಿನಲ್ಲಿ ಚಂಡಮಾರುತ ಬಂತು. ಬಾಲಗನ್‌ಗೆ ಎಚ್ಚರಿಕೆ ಮುಟ್ಟುವಷ್ಟರಲ್ಲಿ ನೀರು ಕಿಟಕಿಯವರೆಗೆ ಏರಿತ್ತು. ಫೆಲಿಸಿಯಾನೊ ನೆರೆಹೊರೆಯವರನ್ನು ದೋಣಿಯಲ್ಲಿ ಕೂರಿಸಿಕೊಂಡು ದಿಬ್ಬದ ಮೇಲಿನ ಚರ್ಚಿಗೆ ಮುಟ್ಟಿಸುತ್ತಿದ್ದರು. ಮುಟ್ಟಿಸಿ, ಮತ್ತೆ ಹೋಗುತ್ತಿದ್ದರು. ಮತ್ತೆ ಹೋದರು — ದೋಣಿ ಬರಲಿಲ್ಲ.

ಮನಾಂಗ್ ಆ ದೂರನ್ನು ಮತ್ತೆ ತೆರೆದರು. ಕಾರಣ ಸಿಕ್ಕಿತು. ಸಿಗ್ನಲ್ ಕಡಿದುಹೋದಾಗ ಎಚ್ಚರಿಕೆಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಸಿಗ್ನಲ್ ಮರಳಿದಾಗ ಹಳೆಯದೇ ಮೊದಲು ಹೊರಡುತ್ತಿತ್ತು. ಜನ ಬೆಳಗಿನ ನದಿಯ ಸುದ್ದಿ ಓದುತ್ತಿದ್ದರು. ಸಂಜೆಯ ನದಿ ಅವರ ಬಾಗಿಲಲ್ಲಿತ್ತು. ಸರಿಪಡಿಸಲು ಒಂದು ಸಾಲು ಕೋಡ್ ಸಾಕಾಯಿತು. ಒಂದೇ ಒಂದು ಸಾಲು.

ಆಮೇಲೆ ಪುರಿತಾ ಅವರ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಪುರಿತಾ ಬೈಯಲಿಲ್ಲ. ಕಾಫಿ ಕೊಟ್ಟು, ಇಷ್ಟು ಹೇಳಿದರು — "ಅದೇನೋ ವರ್ಷನ್ ಅಂತ ಕೇಳಿದ್ರಲ್ಲಮ್ಮ. ಹಂಗಂದ್ರೇನು ಅಂತ ಅವರಿಗೆ ತಿಳೀಲಿಲ್ಲ. ರೀಚಾರ್ಜ್ ಅಂಗಡೀಲಿ ಕೇಳಿದ್ರು, ಇಸ್ಕೂಲಲ್ಲಿ ಕೇಳಿದ್ರು, ಪಾದ್ರಿಗಳ ಹತ್ರಾನೂ ಕೇಳಿದ್ರು. ಯಾರಿಗೂ ಗೊತ್ತಿರ್ಲಿಲ್ಲ. ತಿಳ್ಕೊಂಡು ಬರೀತೀನಿ, ಅಂತಿದ್ರು."

ಮನಾಂಗ್ ಆ ಲೋಟವನ್ನು ಹೀಗೆ — ಎರಡೂ ಕೈಯಲ್ಲಿ ಹಿಡಿದು ಕುಳಿತೇ ಇದ್ದರು. ಕಾಫಿ ಆರಿಹೋಯಿತು.

ಆ ಮನುಷ್ಯ ಒಂದು ಪದದ ಅರ್ಥ ಕೇಳುತ್ತ ಊರೆಲ್ಲ ತಿರುಗಿದ್ದು — ಅದು ಮನಾಂಗ್ ಅವರನ್ನು ಬಿಡಲಿಲ್ಲ. ಪಾಠದ ನಡುವೆ ಮಾತು ನಿಂತುಬಿಡುತ್ತಿತ್ತಂತೆ. ನಮ್ಮ ಸಭೆಗಳಲ್ಲಿ ತಟ್ಟನೆ ಬಾಗಿಲ ಕಡೆ ತಿರುಗುತ್ತಿದ್ದರು.

"ಯಾರಾದ್ರೂ ಬಂದ್ರೇನೋ?"

"ಇಲ್ಲ ಮನಾಂಗ್."

"ಏನೋ ಕೇಳೋಕೆ ಬಂದಂಗಿತ್ತು."

ದೂರು ಬರೆದ ಪ್ರತಿಯೊಬ್ಬರಿಗೂ ತಾವೇ ಫೋನು ಮಾಡತೊಡಗಿದರು. ಅತ್ತ ತಿದ್ದುಪಡಿಗಳು ರಾಶಿ ಬಿದ್ದವು. ಕೆಲವರು ಬೇಸತ್ತು ಬಿಟ್ಟುಹೋದರು. ನಾನೂ ಜಗಳಕ್ಕೆ ನಿಂತೆ. "ನಮಗೂ ಹೊಟ್ಟೆಪಾಡಿದೆ ಮನಾಂಗ್. ಸಂಬಳ ಇಲ್ದೆ ಇಷ್ಟೆಲ್ಲ ಯಾರು ಹೊರ್ತಾರೆ?"

ಅವರು ತಲೆ ಎತ್ತಲೂ ಇಲ್ಲ. "ಅವತ್ತು ದೋಣಿ ನಡೆಸೋಕೆ ಫೆಲಿಸಿಯಾನೊಗೆ ಯಾರು ಸಂಬಳ ಕೊಟ್ಟಿದ್ರೋ?"

ನಾನು ಕುಳಿತು ಮುಂದಿನ ನಂಬರಿಗೆ ಫೋನು ಹಚ್ಚಿದೆ.

ಕೊನೆಗೆ ಮನಾಂಗ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಪುರಿತಾ ನೋಡಲು ಬಂದಿದ್ದರು. ಅವರಿಗೆ ಆಗಲೇ ಮಾತು ಕಷ್ಟವಾಗಿತ್ತು. "ನಿಮ್ಮೋರ ದೂರು... ಇನ್ನೂ ತೆರೆದೇ ಇದೆ. ಮುಚ್ಚಲಾ?"

ಪುರಿತಾ ಮಂಚದ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. "ಬೇಡ, ಇರ್ಲಿ ಬಿಡಿ. ಹೊಸದಾಗಿ ಬಂದೋರು ಓದ್ಲಿ."

ಮನಾಂಗ್ ತಲೆಯಾಡಿಸಿದರು. ಇವರು ಕ್ಷಮೆ ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಕೈ ಮಾತ್ರ ಹಿಡಿದುಕೊಂಡಿದ್ದರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೇನೆ — ಅದಕ್ಕೆ ಹೆಸರಿಡಲು ನನಗೆ ಬರುವುದಿಲ್ಲ.

ಆ ದೂರಿನ ಹೊಣೆ ಈಗ ನನ್ನ ಹೆಸರಿಗೆ ಬಂದಿದೆ. ಈ ವಾರ ಕೆಲಸಕ್ಕೆ ಕುಳಿತಾಗೆಲ್ಲ ನಾನೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಇಂಥ ಹೊತ್ತಿನಲ್ಲಿ ಫೋನು ಆರಿಸಿ ಎಂದು ಹೇಳುವುದು ವಾಡಿಕೆ — ನಾನು ಆರಿಸಬೇಡಿ ಎನ್ನುತ್ತೇನೆ. ನದಿಯ ಮೇಲ್ಭಾಗದಲ್ಲಿ ಬೆಳಗಿನಿಂದ ಮಳೆ ಹಿಡಿದಿದೆ. ನಡುವೆ ಯಾರ ಫೋನಾದರೂ ಸದ್ದು ಮಾಡಿದರೆ ಸಂಕೋಚ ಬೇಡ, ಗಟ್ಟಿಯಾಗಿ ಓದಿ. ಬಾಲಗನ್‌ನವರು ಮೊದಲು ಹೊರಡಲಿ.

ಅಲ್ಲಿಯವರೆಗೆ ನಾವು ಮೌನವಾಗಿ ನಿಂತಿರೋಣ.