ಕೊಸರು ರಫ್ತು ಮಾಡಿದ ನಾಡು

ಹತ್ತಿರ ಬನ್ನಿ. ಬಂದೋರು ಕೂತ್ಕೊಳ್ಳಿ, ಕೂತೋರು ಹೂಂಗುಟ್ಟಿ. ಹೂಂಗುಟ್ಟೋಕೂ ಸೋಮಾರಿತನ ಆದ್ರೆ ತಲೆನಾದ್ರೂ ಆಡಿಸಿ.

ಒಂದು ಕಾಲದಲ್ಲಿ ಒಂದು ನಾಡಿತ್ತು. ಎಂಥಾ ನಾಡು? ಅಂಗೈಯಗಲದ ನಾಡು. ದೊರೆ ಈ ಗಡೀಲಿ ಸೀನಿದ್ರೆ ಆ ಗಡಿಯೋರು "ಚಿರಂಜೀವಿ" ಅಂತಿದ್ರು. ಹೆಸರು ಮಾತ್ರ ಕೇಳ್ಬೇಡಿ. ನಮ್ಮ ಮುತ್ತಜ್ಜ ಮುತ್ತಜ್ಜಿ ಎಲ್ಲ ಅಲ್ಲಿಯೋರೇ, ಹೇಳ್ಕೊಳ್ಳೋಕೆ ನಾಚಿಕೆ.

ಆ ನೆಲಕ್ಕೆ ಏನು ಹಾಕಿದ್ರೂ ಬರ್ತಿತ್ತು. ಅರಿಶಿನ ಬರ್ತಿತ್ತು, ಅವರೆ ಬರ್ತಿತ್ತು, ಕಬ್ಬು ಬರ್ತಿತ್ತು. ಬಾರದೇ ಇದ್ದದ್ದು ಒಂದೇ, ಉಪ್ಪು. ಉಪ್ಪು ಬೇಕಂದ್ರೆ ಗಾಡಿ ಕಟ್ಕೊಂಡು ಘಟ್ಟ ಇಳಿದು ಕಡಲ ನಾಡಿಗೆ ಹೋಗ್ಬೇಕು. ಅಲ್ಲೊಬ್ಬ ಸಾಹುಕಾರ ಇದ್ದ. ನಮ್ಮ ಬೆಳೆ ಅವನಿಗೆ, ಅವನ ಉಪ್ಪು ನಮಗೆ.

ಯಾರು ಹೋಗ್ಬೇಕು ಅಂತ ಮಾತು ಬಂತು. ದೊರೆ ಮರಿದೇವರಸ ಜವರಮ್ಮನ್ನ ಕರೆಸಿದ. ಸಂತೇಲಿ ಅವಳ ಮುಂದೆ ಬಾಯಿ ಬಿಡೋ ಗಂಡಸು ಇರಲಿಲ್ಲ. ಆದ್ರೆ ಕೇಳಿ, ಅವಳಿಗೂ ನಮ್ಮೋರ ಚಟವೇ. ಏನು ಚಟ? ಕೊಸರು! ಅಳೆದು ಕೊಟ್ಟಮೇಲೆ ನಮ್ಮೋರ ಕೈ ಸುಮ್ನಿರಲ್ಲ, ಮೇಲೊಂದು ಹಿಡಿ ಪುಕ್ಕಟೆ ಹಾಕ್ಲೇಬೇಕು. ಕೊಸರು ಹಾಕದ ಮನೆಗೆ ಆ ನಾಡಲ್ಲಿ ಹೆಣ್ಣೇ ಕೊಡ್ತಿರಲಿಲ್ಲ ಅಂದ್ರೆ ನೋಡಿ.

ಮೊದಲನೇ ಸಲ ಜವರಮ್ಮ ಅರಿಶಿನ ತಗೊಂಡು ಹೋದ್ಲು. ಕೊಳಗ ಅರಿಶಿನಕ್ಕೆ ಕೊಳಗ ಉಪ್ಪು. ವ್ಯಾಪಾರ ಮುಗೀತು. ಕೈ ಸುಮ್ನಿರ್ತದಾ? ದಾರಿಗೆ ಅಂತ ಕಟ್ಟಿಕೊಂಡಿದ್ದ ಅವರೆಕಾಳನ್ನ ಕೊಸರು ಅಂತ ಸಾಹುಕಾರನ ಮಡಿಲಿಗೆ ಸುರಿದು ಬಂದ್ಲು.

ಸಾಹುಕಾರ ಅದನ್ನ ಬೇಯಿಸಿ ತಿಂದ. ಬೆರಳು ಚೀಪ್ಕೊಂಡ. ಅರಿಶಿನ ಸಾಕು, ಅವರೆಕಾಳು ತನ್ನಿ ಅಂತ ಹೇಳಿ ಕಳಿಸಿದ.

ಎರಡನೇ ಸಲ ಅವರೆಕಾಳು ಹೋಯ್ತು. ಹೋದ ಸಲ ಪುಕ್ಕಟೆ ಕೊಟ್ಟ ಕಾಳಿಗೆ ಈಗ ಪೂರಾ ಉಪ್ಪು ಕೇಳ್ತೀಯಲ್ಲಮ್ಮ ಅಂತ ಸಾಹುಕಾರ ನಕ್ಕ, ಅರ್ಧ ಉಪ್ಪು ಕೊಟ್ಟ. ಜವರಮ್ಮನಿಗೆ ಹೌದಲ್ಲ ಅನ್ನಿಸ್ತು. ಅಷ್ಟಕ್ಕೇ ಬಂದ್ಲಾ? ಇಲ್ಲ. ಕೊಸರಿಗೆ ಅಂತ ಬೆಲ್ಲ ಕೊಟ್ಟು ಬಂದ್ಲು.

ಬೆಲ್ಲ ತಿಂದ ಸಾಹುಕಾರ ಮೂರನೇ ಸಲಕ್ಕೆ ಏನು ಹೇಳಿ ಕಳಿಸಿದ ಗೊತ್ತಾ? ಈ ಸಲ ಸರಕು ಏನೂ ಬೇಡ, ಬರೀ ಕೊಸರು ತನ್ನಿ ಅಂದ.

ನಮ್ಮ ದೊರೆ ಅರಮನೆ ಜಗಲಿ ಮೇಲೆ ಕುಣಿದುಬಿಟ್ಟ. ನಮ್ಮ ಕೊಸರಿಗೇ ಹೊರನಾಡಲ್ಲಿ ಇಷ್ಟು ಗಿರಾಕಿ ಅಂದ್ರೆ ಬೆಳೆಗೆಷ್ಟು ಇರಬೇಡ ಅಂತ ಡಂಗುರ ಹೊಡೆಸಿದ. ನಮ್ಮೋರೂ ಎದೆ ಉಬ್ಬಿಸ್ಕೊಂಡು ಓಡಾಡಿದ್ರು. ಒಬ್ಬನಿಗಾದ್ರೂ ಅನುಮಾನ ಬರಬಾರದಾ? ಬರಲಿಲ್ಲ ಕಣ್ರಪ್ಪ.

ಇತ್ತ ಊರಲ್ಲಿ ಉಪ್ಪು ಮುಗಿದಿತ್ತು. ಸಾರು ಸಪ್ಪೆ, ಹಿಟ್ಟು ಸಪ್ಪೆ, ಮಾತೂ ಸಪ್ಪೆ. ಜವರಮ್ಮನ ಮಗಳು ನಂಜಿ ಚೊಚ್ಚಲ ಬಸುರಿ, ತವರಿಗೆ ಬಂದಿದ್ಲು. ಅವಳಿಗೆ ಬಯಕೆ ಒಂದೇ, ಉಪ್ಪು ಹಚ್ಚಿದ ಮಾವಿನಕಾಯಿ. ಸಪ್ಪೆ ಅನ್ನ ಬಾಯಿಗಿಟ್ರೆ ವಾಂತಿ. ಉಂಡದ್ದು ನಿಲ್ಲದೆ ಹುಡುಗಿ ಸೊರಗಿ ಹೋಗಿದ್ಲು. ಜವರಮ್ಮ ಗಾಡಿ ತುಂಬ ಅರಿಶಿನ, ಅವರೆ, ಬೆಲ್ಲದ ಚೀಲ ಹೇರ್ಕೊಂಡು ಹೊರಟ್ಲು.

ಸಾಹುಕಾರ ಅಂಗಡಿ ಮುಂದೆ ಗಿರಾಕಿಗಳನ್ನ ಸೇರಿಸಿಟ್ಟಿದ್ದ. ಘಟ್ಟದ ಮೇಲಿನ ಬೆಲ್ಲ ಬರ್ತದೆ, ಕಾಳು ಬರ್ತದೆ ಅಂತ ಮಾತು ಕೊಟ್ಟಿದ್ದ. ಅವರೆಲ್ಲ ಪಾತ್ರೆ ಹಿಡ್ಕೊಂಡು ನಿಂತಿದ್ರು. ಜವರಮ್ಮ ಉಪ್ಪು ಅಳೆಯಪ್ಪ ಅಂದ್ಲು.

"ಉಪ್ಪಾ? ನೀನು ತಂದಿರೋದು ಕೊಸರು ತಾನೆ ತಾಯಿ? ಕೊಸರಿಗೆ ಯಾರಾದ್ರೂ ಬೆಲೆ ತಗೋತಾರಾ?" ಅಂದ ಸಾಹುಕಾರ.

ಜವರಮ್ಮ ಗಾಡಿ ಗಾಲಿ ಹಿಡ್ಕೊಂಡು ಕೂತುಬಿಟ್ಲು. ಮಗಳ ಮುಖ ಕಣ್ಮುಂದೆ ಬಂತು, ಅಳು ಬಂತು, ಆಮೇಲೆ ಸಿಟ್ಟು ಬಂತು. ಸೆರಗು ಬಿಗಿದು ಎದ್ದು ನಿಂತ್ಲು.

"ನೀವು ಹೇಳೋದು ಸರಿ ಸಾಹುಕಾರ್ರೆ. ಕೊಸರಿಗೆ ಬೆಲೆ ಇಲ್ಲ. ಆದ್ರೆ ಏನೂ ಕೊಳ್ಳದೋರಿಗೆ ಕೊಸರೂ ಇಲ್ಲ. ನಾನು ಮಾರೋಕೆ ತಂದಿರೋದು ಚೀಲ. ಒಂದು ಚೀಲದ ಬೆಲೆ ಅದರ ತುಂಬ ಉಪ್ಪು. ಚೀಲ ಕೊಂಡ್ರೆ ಒಳಗಿರೋದು ಕೊಸರು. ಬೇಡ ಅಂದ್ರೆ ಎತ್ತು ತಿರುಗಿಸ್ತೀನಿ."

ಪಾತ್ರೆ ಹಿಡಿದೋರು ಕಿಸಕ್ಕಂತ ನಕ್ರು. ಎತ್ತು ತಿರುಗ್ತು. ಸಾಹುಕಾರ ಗಿರಾಕಿಗಳ ಮುಖ ನೋಡ್ದ, ಗಾಡಿ ನೋಡ್ದ, ಆಮೇಲೆ ತೆಪ್ಪಗೆ ಉಪ್ಪು ಅಳೆಸಿದ. ಚೀಲಕ್ಕೆ ಚೀಲ.

ಜವರಮ್ಮ ಊರಿಗೆ ಬಂದೋಳೇ ಮಾವಿನಕಾಯಿ ಸೀಳಿ ಉಪ್ಪು ಸವರಿ ಮಗಳ ಬಾಯಿಗಿಟ್ಲು. ನಂಜಿ ಲೊಟ್ಟೆ ಹೊಡ್ಕೊಂಡು ತಿಂದ್ಲು, ಆಮೇಲೆ ಅನ್ನ ಕೇಳಿದ್ಲು. ತಾಯಿ ಜೀವಕ್ಕೆ ಇನ್ನೇನು ಬೇಕು?

ಕಥೆ ಇಲ್ಲಿಗೇ ನಿಲ್ಲಿಸಿದ್ರೆ ನಮ್ಮ ಮಾನ ಉಳೀತಿತ್ತು. ಏನು ಮಾಡೋಣ, ಇನ್ನೂ ಸ್ವಲ್ಪ ಇದೆ.

ದೊರೆ ಜವರಮ್ಮನ್ನ ಕರೆಸಿ, ಇಷ್ಟು ಉಪ್ಪು ಬಂತಲ್ಲ, ಏನು ಮಾರಿದೆ ತಾಯಿ ಅಂತ ಕೇಳ್ದ. ಅವಳು ಸುಳ್ಳು ಹೇಳೋ ಹೆಂಗಸಲ್ಲ. "ಚೀಲ, ಬುದ್ಧಿ" ಅಂದ್ಲು. ಮುಂದಿನ ಮಾತು ಅವಳ ಬಾಯಲ್ಲೇ ಇತ್ತು, ಅಷ್ಟರಲ್ಲಿ ಡಂಗುರದೋನು ಬೀದಿ ಸೇರಿದ್ದ. ಹೊರನಾಡಲ್ಲಿ ನಮ್ಮ ಚೀಲಕ್ಕೆ ಭಾರೀ ಬೇಡಿಕೆ, ಎಲ್ಲರೂ ಸೆಣಬು ಬಿತ್ತಿ!

ಬಿತ್ತಿದ್ವಿ. ಅರಿಶಿನ ಕಿತ್ತು ಬಿತ್ತಿದ್ವಿ, ಅವರೆ ಕಿತ್ತು ಬಿತ್ತಿದ್ವಿ, ಕಬ್ಬು ಕಿತ್ತು ಬಿತ್ತಿದ್ವಿ. ಜವರಮ್ಮ ಬೀದೀಲಿ ನಿಂತು ಬೇಡ್ರಪ್ಪೋ ಅಂತ ಕೂಗಿದ್ರೆ, ಲಾಭ ಎಲ್ಲ ತಾನೊಬ್ಬಳೇ ಹೊಡೀಬೇಕಂತಾಳೆ ಅಂತ ಆಡ್ಕೊಂಡ್ವಿ. ಅವಳನ್ನ ಬಿಟ್ಟು ಊರಿಗೆ ಊರೇ ಗಾಡಿ ಕಟ್ಟಿ, ಮಡಿಚಿದ ಚೀಲ ಹೇರ್ಕೊಂಡು ಕಡಲ ನಾಡಿಗೆ ಇಳೀತು.

ಸಾಹುಕಾರ ಒಂದು ಚೀಲ ಬಿಚ್ಚಿ ಒಳಗೆ ನೋಡ್ದ. ಇನ್ನೊಂದು ಬಿಚ್ಚಿ ನೋಡ್ದ. ಮತ್ತೊಂದರಲ್ಲಿ ತಲೆನೇ ತೂರಿಸಿ ನೋಡ್ದ.

"ಕೊಸರೆಲ್ಲಿ?" ಅಂದ.

ನಮ್ಮೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅಯ್ಯೋ, ಮರೆತೇಬಿಟ್ವಿ ಅಂತ ಬಹಳ ನೊಂದ್ಕೊಂಡ್ರು. ಆಮೇಲೆ ಧಾರಾಳವಾಗಿ ಅವನ ಕೈಗೆ ಇನ್ನೊಂದು ಖಾಲಿ ಚೀಲ ಇಟ್ರು.

ಅವರು ಅಲ್ಲಿ, ನಾವು ಇಲ್ಲಿ. ನಕ್ಕೋರು ಬಾಯಿ ಮುಚ್ಚಿ, ಮಲಗಿದೋರನ್ನ ಎಬ್ಬಿಸಿ, ಮನೆಗೆ ನಡೀರಿ.