ಕಪ್ಪು-ಬಿಳುಪಿನ ಕುಂಕುಮ

ದಾವಣಗೆರೆಯಿಂದ ಹರಿಹರದ ಮೇಲೆ ಭಾನುವಳ್ಳಿಗೆ ಹೊರಟಿದ್ದ ಬಸ್ಸಿನಲ್ಲಿ ಶಾಂತಕುಮಾರಿಗೆ ಜೋಂಪು ಹತ್ತಿತ್ತು. ಅಷ್ಟರಲ್ಲಿ ಮುಂದಿನ ಸೀಟಿನ ಅಜ್ಜಿ, ಮೊಮ್ಮಗಳ ಮೊಬೈಲಿನಲ್ಲಿ ತನ್ನ ಫೋಟೊ ನೋಡಿ ದನಿ ಏರಿಸಿದಳು.

“ನಿಮ್ಮಜ್ಜ ಗುಂಡುಕಲ್ಲಿನಂಗೆ ಅದಾರೆ. ನನ್ನ ಹಣೆ ಯಾಕ ಬೋಳು ಮಾಡಿದ್ಯೇ?”

“ಬ್ಲ್ಯಾಕ್ ಅಂಡ್ ವೈಟ್ ಮಾಡೀನಿ ಅಜ್ಜಿ. ಮುಖ ಬೆಳ್ಳಗೆ ಬರ್ಲಿ ಅಂತ ಕೆಂಪು ಬಣ್ಣದ ಬೆಳಕು ಏರಿಸಿದೆ. ಕುಂಕುಮಾನೂ ಕೆಂಪಲ್ವಾ, ಅದೂ ಬೆಳ್ಳಗಾಗಿ ಮುಖದಾಗೆ ಸೇರ್ಕಂತು.”

“ಫೋಟೊ ಕ್ಲಾಸಿಗೆ ಹೋಗಿ ಇದನ್ನ ಕಲ್ತ್ಯೇನು?”

“ಇದಕ್ಕೇ ನಮ್ ಸರ್ ಭೇಷ್ ಅಂದಾರೆ.”

“ನಿಮ್ ಸರ್‌ಗೆ ನನ್ನ ಹಣೆ ಕಾಣ್ಲಿಲ್ಲೇನು?”

ಹುಡುಗಿ ಪರದೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಎಡಕ್ಕೆ ಎಳೆದಳು. ಶಾಂತಕುಮಾರಿ ಸೀಟಿನ ಸಂದಿಯಿಂದ ಬಗ್ಗಿ ನೋಡಿದಳು. ಬರಿ ಹಣೆಯ ನಡುವೆ ಕಾಸಗಲ ಕುಂಕುಮ ಕಪ್ಪಗೆ ಮೂಡಿ ಬಂತು. ಶಾಂತಕುಮಾರಿಯ ಕೈ ಅವಳಿಗೇ ಗೊತ್ತಿಲ್ಲದೆ ತನ್ನ ಹಣೆಗೆ ಹೋಯಿತು.

“ಈಗ ಕೆಂಪು ಇಳಿಸೀನಿ. ಆದ್ರೆ ಮುಖ ಕಪ್ಪಾತು, ಸುಕ್ಕೆಲ್ಲ ಎದ್ದು ಕಾಣ್ತಾವೆ.”

“ಕಾಣ್ಲಿ ಬಿಡು. ಐವತ್ತು ವರ್ಷ ಗದ್ದೆ ನಾಟಿ ಮಾಡೀನಿ, ಸುಕ್ಕೇನು ಪುಗಸಟ್ಟೆ ಬಂದಾವಾ?”

ಭಾನುವಳ್ಳಿ ಬಂತು. ನಿಲ್ದಾಣದಲ್ಲಿ ರುಮಾಲು ಸುತ್ತಿದ ಅಜ್ಜನೊಬ್ಬ ಕಾಯುತ್ತಿದ್ದ. ಅಜ್ಜಿ ಮೊಬೈಲು ಕಿತ್ತುಕೊಂಡು, ಮೆಟ್ಟಿಲು ಇಳಿಯುವ ಮೊದಲೇ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು:

“ಏನ್ರೀ, ಬರ್ರಿ ಇಲ್ಲಿ! ನಿಮ್ ಮೊಮ್ಮಗಳು ನಿಮ್ಮನ್ನ ಉಳಿಸ್ಯಾಳೆ!”